ಈ ಸಾಧನ ಅಜ್ಜಿಗೋ, ನಮ್ಮ ಆತಂಕಕ್ಕೋ?

ಮರೆವಿನ ಮನೆ ಸರಣಿ · ಭಾಗ 7

ಡಾಕ್ಟರ್ "ಇದು ಡಿಮೆನ್ಷಿಯಾ" ಅಂತ ಹೇಳಿದ ಮೊದಲ ವಾರ ಮನೆಗೆ ಕ್ಯಾಮೆರಾ ಬರುತ್ತೆ. ಎರಡನೇ ವಾರ ಜಿಪಿಎಸ್ ವಾಚ್. ದೂರದ ಊರಲ್ಲಿರೋ ಮಗನೋ ಮಗಳೋ ಪ್ರೀತಿಯಿಂದಲೇ ತರಿಸಿರ್ತಾರೆ. ತಿಂಗಳು ಕಳೆಯೋ ಹೊತ್ತಿಗೆ ವಾಚ್ ಬೀರು ಸೇರಿರುತ್ತೆ, ಕ್ಯಾಮೆರಾ ಮೇಲೆ ಟವೆಲ್ ನೇತಾಡ್ತಿರುತ್ತೆ. "ಅಜ್ಜಿಗೆ ಹಟ ಜಾಸ್ತಿ, ಏನ್ ತಂದುಕೊಟ್ರೂ ಉಪಯೋಗಿಸಲ್ಲ" ಅಂತ ಮನೆಯವರು ಅಂದುಕೊಳ್ತಾರೆ.

ನನಗೆ ಹಾಗನ್ನಿಸಲ್ಲ. ಎಷ್ಟೋ ಸಲ ಆ ಸಾಧನ ಅಜ್ಜಿಗೋಸ್ಕರ ಬಂದದ್ದೇ ಅಲ್ಲ, ನಮ್ಮ ಭಯಕ್ಕೋಸ್ಕರ ಬಂದದ್ದು.

ಡಿಮೆನ್ಷಿಯಾ ಇರೋರ ಮನೆಗೆ ತಂತ್ರಜ್ಞಾನ ಬೇಕು, ಖಂಡಿತ ಬೇಕು. ಆದರೆ ದುಡ್ಡು ಕೊಡೋ ಮುಂಚೆ ಕೇಳಿಕೊಳ್ಳಿ: ಇದು ಬಂದ ಮೇಲೆ ಅವರು ತಾವೇ ಮಾಡಿಕೊಳ್ಳೋ ಕೆಲಸ ಒಂದಾದ್ರೂ ಉಳಿಯುತ್ತಾ? ಇಲ್ಲಾ, ಪಕ್ಕದಲ್ಲಿದ್ದು ನೋಡಿಕೊಳ್ಳೋರಿಗೆ ಒಂದು ರಾತ್ರಿಯಾದ್ರೂ ನೆಮ್ಮದಿಯ ನಿದ್ದೆ ಸಿಗುತ್ತಾ? ಎರಡಕ್ಕೂ ಉತ್ತರ "ಇಲ್ಲ" ಅಂದ್ರೆ, ಆ ದುಡ್ಡು ಉಳಿಸಿ.

ಇದು ನಾಲ್ಕು ಮನೆಯ ಕಥೆ ಅಲ್ಲ. 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದೊಂದಿಗೆ ಬದುಕ್ತಿದ್ದಾರೆ ಅಂತ 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿದೆ. ನಿಮ್ಮ ಬೀದಿಯಲ್ಲೂ ಒಬ್ಬರು ಇರಬಹುದು.

1️⃣ ಕೈಗೆ ಗೊತ್ತಿರೋದನ್ನ ಬದಲಾಯಿಸಬೇಡಿ

ಡಿಮೆನ್ಷಿಯಾಗಳಲ್ಲಿ ಹೆಚ್ಚು ಕಾಣೋದು ಆಲ್ಝೈಮರ್ಸ್. ಅದರಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳೋದು ಹೊಸದನ್ನ ಕಲಿತು ನೆನಪಿಟ್ಟುಕೊಳ್ಳೋ ಶಕ್ತಿಗೆ. ಕೈಗೆ ಅಂಟಿದ ಹಳೆ ಅಭ್ಯಾಸ ಬಹಳ ಕಾಲ ಉಳಿಯುತ್ತೆ. ಬೆಳಿಗ್ಗೆ ಬಂದು ಹೋದ ನೆಂಟರು ಮರೆತುಹೋಗ್ತಾರೆ, ರಂಗೋಲಿಯ ಎಳೆ ತಪ್ಪಲ್ಲ.

ಈಗ ಒಲೆಯ ವಿಷಯಕ್ಕೆ ಬನ್ನಿ. ಗ್ಯಾಸ್ ಹಚ್ಚಿಟ್ಟು ಮರೀತಾರೆ ಅಂತ ಇಂಡಕ್ಷನ್ ಒಲೆ ತಂದು ಕೂರಿಸ್ತೀವಿ. ಅದರ ಗುಂಡಿಗಳು ಅವರಿಗೆ ಹೊಸವು, ಅವರ ಹಿಂಡಾಲಿಯಂ ಪಾತ್ರೆ ಅದರ ಮೇಲೆ ಕಾಯಲ್ಲ. ಐವತ್ತು ವರ್ಷ ಅಡುಗೆ ಮಾಡಿದವರು ಒಂದೇ ದಿನದಲ್ಲಿ ಏನೂ ಬಾರದವರಾಗಿಬಿಡ್ತಾರೆ. ಅದರ ಬದಲು ಹಳೆ ಒಲೆ ಹಾಗೇ ಇರಲಿ, ಇಟ್ಟ ಸಮಯ ಮುಗಿದ ಕೂಡಲೇ ಗ್ಯಾಸ್ ನಿಲ್ಲಿಸೋ ಟೈಮರ್ ಅದಕ್ಕೆ ಸೇರಲಿ. ಜೊತೆಗೆ ಗ್ಯಾಸ್ ಸೋರಿದ್ರೆ ಕೂಗೋ ಅಲಾರಂ. ಇದನ್ನ ನೆಲದ ಹತ್ತಿರ ಹಾಕಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ಹರಡುತ್ತೆ. ಚಾವಣಿಗೆ ಹಾಕಿಸಿದ್ರೆ ಅಲಾರಂ ಕೂಗೋದು ತಡ ಆಗುತ್ತೆ.

2017ರಲ್ಲಿ ಬಂದ ಸರೆಗಮ ಕಾರವಾನ್ ನೆನಪಿಸಿಕೊಳ್ಳಿ. ಅದನ್ನ ಮರೆವಿನ ಕಾಯಿಲೆಗೆ ಅಂತ ಯಾರೂ ಮಾಡಲಿಲ್ಲ. ಆದರೆ ನೋಡೋಕೆ ಹಳೆ ರೇಡಿಯೋ. ಒಂದು ಗುಂಡಿ ತಿರುಗಿಸಿದ್ರೆ ಹಾಡು. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಮುಖ ಹಳೆಯದು, ಹೊಟ್ಟೆ ಹೊಸದು. ಮರೆವಿನ ಮನೆಗೆ ಬರೋ ಪ್ರತಿ ಸಾಧನವೂ ಹೀಗಿರಬೇಕು ಅನ್ನೋದು ನನ್ನ ವಾದ.

2️⃣ ಸಾಧನ ಕನ್ನಡದಲ್ಲಿ ಮಾತಾಡಲಿ

"ಟೈಮ್ ಫಾರ್ ಯುವರ್ ಮೆಡಿಸಿನ್" ಅಂತ ಗೋಡೆ ಕಡೆಯಿಂದ ಯಾರೋ ಇಂಗ್ಲಿಷಲ್ಲಿ ಹೇಳಿದ್ರೆ ಮಂಡ್ಯದ ಅಜ್ಜ ಮಾತ್ರೆ ನುಂಗಲ್ಲ, ಮನೆಯೊಳಗೆ ಯಾರು ಬಂದ್ರು ಅಂತ ಹುಡುಕ್ತಾರೆ. ಮೊಮ್ಮಗಳ ದನಿಯಲ್ಲಿ "ತಾತ, ತಿಂಡಿ ಆಯ್ತಾ? ಬಿಳಿ ಡಬ್ಬಿ ಮಾತ್ರೆ ತಗೋ" ಅಂತ ರೆಕಾರ್ಡ್ ಮಾಡಿ ಫೋನಿನ ಅಲಾರಂಗೆ ಹಾಕಿ. ಒಂದು ರೂಪಾಯಿ ಖರ್ಚಿಲ್ಲ.

ಮಾತ್ರೆ ಡಬ್ಬಿ ಪೂರ್ತಿ ಅವರ ಕೈಗೆ ಬಿಡಬೇಡಿ. ತಗೊಂಡದ್ದು ಮರೆತು ಮತ್ತೆ ತಗೊಳ್ಳೋದು, ತಗೊಳ್ಳದೇ ಇರೋದಕ್ಕಿಂತ ಅಪಾಯ ಆಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ಎರಡು ಸಲ ಹೋದ್ರೆ ಸಕ್ಕರೆ ಮಟ್ಟ ಕುಸಿದು ಪ್ರಜ್ಞೆ ತಪ್ಪಬಹುದು. ಆ ಹೊತ್ತಿನ ಮಾತ್ರೆ ಮಾತ್ರ ಸಿಗೋ ಹಾಗೆ ಇಡಿ.

ಗಡಿಯಾರವೂ ಅಷ್ಟೇ. 6:10 ಅಂದ್ರೆ ಬೆಳಿಗ್ಗೆಯೋ ಸಂಜೆಯೋ? ನಮಗೆ ಇದು ತಮಾಷೆ, ಅವರಿಗೆ ದಿಗಿಲು. ಹಳೆ ಟ್ಯಾಬ್ ಒಂದು ಇದ್ರೆ "ಇವತ್ತು ಮಂಗಳವಾರ, ಸಂಜೆ" ಅಂತ ದಪ್ಪ ಕನ್ನಡ ಅಕ್ಷರದಲ್ಲಿ ತೋರಿಸೋ ಹಾಗೆ ಮಾಡಿಕೊಡಿ. "ಇವತ್ತು ಯಾವ ವಾರ?" ಅಂತ ಇಪ್ಪತ್ತು ಸಲ ಕೇಳೋರು ಹತ್ತು ಸಲ ತಾವೇ ನೋಡಿಕೊಂಡ್ರೂ ಇಬ್ಬರ ಮರ್ಯಾದೆಯೂ ಉಳಿಯುತ್ತೆ.

ಅದಕ್ಕೂ ಮುಂಚೆ ಅವರ ಕನ್ನಡಕದ ನಂಬರ್ ಸರಿ ಇದೆಯಾ, ಕಿವಿ ಕೇಳಿಸುತ್ತಾ ಅಂತ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದ ಗೊಂದಲ ಎಷ್ಟೋ ಸಲ ಮರೆವಿನ ಲೆಕ್ಕಕ್ಕೆ ಹೋಗುತ್ತೆ. ಬಡ ಹಿರಿಯರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕನ್ನಡಕ, ಶ್ರವಣ ಸಾಧನ ಉಚಿತ.

3️⃣ ಜಿಪಿಎಸ್ ದೇವರಲ್ಲ

ಮನೆ ಬಿಟ್ಟು ಹೊರಟು ದಾರಿ ತಪ್ಪೋರಿಗೆ ಜಿಪಿಎಸ್ ಬೇಕು. ಆದರೆ ಅದರ ಮಿತಿ ಗೊತ್ತಿರಲಿ. ಕಟ್ಟಡದೊಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗಲ್ಲ. ಚಾರ್ಜ್ ಹಾಕೋದು ಮರೆತ್ರೆ ಅದು ಬರೀ ಬಳೆ. ಕೀಲಿಕೈಗೆ ಕಟ್ಟೋ ಅಗ್ಗದ ಬ್ಲೂಟೂತ್ ಟ್ಯಾಗ್ ಇನ್ನೂ ಕಷ್ಟ. ಅದು ಹತ್ತಿರ ಹಾದುಹೋಗೋರ ಫೋನ್ ಮೂಲಕ ಸುದ್ದಿ ಕಳಿಸುತ್ತೆ. ಮೆಜೆಸ್ಟಿಕ್‌ನಲ್ಲಿ ಕೆಲಸ ಮಾಡೀತು, ತೋಟದ ಹಾದಿಯಲ್ಲಿ ಮಾಡಲ್ಲ.

ವಾಚ್ ಕಿತ್ತೆಸೀತಾರಾ? ಜಗಳ ಬೇಡ. ಪ್ರತಿದಿನ ತಪ್ಪದೆ ಜೊತೆಗೊಯ್ಯೋದು ಯಾವುದು ನೋಡಿ: ಎಲೆ ಅಡಿಕೆ ಚೀಲ, ಊರುಗೋಲು, ಅಂಗಿ ಜೇಬು. ಟ್ರ್ಯಾಕರ್ ಅಲ್ಲಿರಲಿ. ಜೊತೆಗೆ ನಿಮ್ಮ ಫೋನ್ ನಂಬರ್ ಕನ್ನಡದಲ್ಲಿ ಬರೆದ ಒಂದು ಚೀಟಿ. ಮೂಲೆ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ವಿಷಯ ಹೇಳಿಡಿ, ನಾಚಿಕೆ ಬೇಡ. ಬ್ಯಾಟರಿ ಮುಗಿದ ಮೇಲೂ ಕೆಲಸ ಮಾಡೋರು ಅವರೇ. ಕಾಣೆಯಾದ್ರೆ ತಕ್ಷಣ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕು ಅನ್ನೋ ನಿಯಮ ಯಾವುದೂ ಇಲ್ಲ.

4️⃣ ಕ್ಯಾಮೆರಾ ಯಾರನ್ನ ನೋಡ್ತಿದೆ?

ಈಗ ಕಹಿ ಮಾತು. ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಕಾಯ್ತಿರೋದು ಅಜ್ಜಿಯನ್ನಲ್ಲ, ಸೊಸೆಯನ್ನ. "ಒಂಬತ್ತಾಯ್ತು, ಅಮ್ಮಂಗೆ ಇನ್ನೂ ತಿಂಡಿ ಕೊಟ್ಟಿಲ್ವಾ?" ಅಂತ ಸಾವಿರ ಮೈಲಿ ಆಚೆಯಿಂದ ಫೋನ್ ಬರುತ್ತೆ. ರಾತ್ರಿ ಮೂರು ಸಲ ಎದ್ದವಳ ನಿದ್ದೆಗಣ್ಣು ಆ ಕ್ಯಾಮೆರಾಗೆ ಕಾಣಲ್ಲ. ದೂರದಲ್ಲಿರೋರೇ, ಕ್ಯಾಮೆರಾ ದುಡ್ಡಲ್ಲಿ ವಾರಕ್ಕೆರಡು ದಿನ ಒಬ್ಬ ಸಹಾಯಕಿಯನ್ನ ಇಡೋಕಾಗುತ್ತಾ ನೋಡಿ. ನಿಮ್ಮ ಅಮ್ಮನಿಗೆ ಅದು ಹೆಚ್ಚು ಉಪಕಾರ.

"ಹೇಳೋದು ಸುಲಭ ಕಣ್ರೀ, ಒಬ್ಬಳೇ ಎಷ್ಟು ಅಂತ ಕಾಯಲಿ?" ಅನ್ನೋರಿಗೆ: ನಿಮ್ಮ ಮಾತು ನಿಜ. ನಿಮಗಾಗಿಯೇ ಸಾಧನಗಳಿವೆ. ಬಾಗಿಲು ತೆರೆದ್ರೆ ಸದ್ದಾಗೋ ಸೆನ್ಸರ್, ಹಾಸಿಗೆಯಿಂದ ಕಾಲಿಟ್ಟ ಕೂಡಲೇ ಹತ್ತಿಕೊಳ್ಳೋ ಪುಟ್ಟ ದೀಪ. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬೀಳೋ ಸಾಧ್ಯತೆ ಕಡಿಮೆಯಾಗುತ್ತೆ, ಪ್ರತಿ ಸದ್ದಿಗೂ ನೀವು ಬೆಚ್ಚಿ ಏಳಬೇಕಿಲ್ಲ. ಯಾರ ಚಿತ್ರವನ್ನೂ ತೆಗೆಯದೆ ಇಷ್ಟು ಕೆಲಸ ಆಗುತ್ತೆ. ಕ್ಯಾಮೆರಾ ಬೇಕೇಬೇಕು ಅನ್ನೋ ಪರಿಸ್ಥಿತಿ ಇದ್ರೆ ಹಜಾರದಲ್ಲಿರಲಿ, ಮಲಗೋ ಕೋಣೆಯಲ್ಲಿ ಬಚ್ಚಲಲ್ಲಿ ಬೇಡ. ಮನೆಯಲ್ಲಿ ಕೆಲಸ ಮಾಡೋರಿಗೂ ತಿಳಿಸಿ ಹಾಕಿ. ಅದರ ಸ್ಪೀಕರಿನಿಂದ ದಿಢೀರ್ ಅಂತ ಮಾತಾಡಿಸಬೇಡಿ. ಮೊದಲೇ ಯಾರೋ ಇದ್ದಾರೆ ಅನ್ನೋ ಭ್ರಮೆ ಕಾಡ್ತಿದ್ರೆ, ಆ ದನಿ ಅವರನ್ನ ಇನ್ನಷ್ಟು ಹೆದರಿಸುತ್ತೆ.

5️⃣ ಕೇಳಿ. ಬೇಗ ಕೇಳಿ.

"ಅರವತ್ತಕ್ಕೆ ಅರಳುಮರಳು" ಅಂತ ಒಂದು ಗಾದೆ ಇದೆಯಲ್ಲ, ಅದು ನಮಗೆ ಬಹಳ ದುಬಾರಿ ಬಿದ್ದಿದೆ. ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ ಅಂತ ವರ್ಷಗಟ್ಟಲೆ ಸುಮ್ಮನಿರ್ತೀವಿ. ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಹೊಸ ಸಾಧನ ಕಲಿಯೋ ಕಾಲವೂ ಕಳೆದಿರುತ್ತೆ, "ನಿಮ್ಮ ಮೇಲೆ ಕಣ್ಣಿಡಬಹುದಾ?" ಅಂತ ಕೇಳಿ ಉತ್ತರ ಪಡೆಯೋ ಕಾಲವೂ ಕಳೆದಿರುತ್ತೆ.

ಮೊದಲ ಹಂತದಲ್ಲಿ ಅವರಿಗೆ ಎಲ್ಲ ಅರ್ಥ ಆಗುತ್ತೆ. ಆಗಲೇ ಪಕ್ಕದಲ್ಲಿ ಕೂತು ಕೇಳಿ: "ಅಪ್ಪ, ಮುಂದೆ ದಾರಿ ತಪ್ಪಿದ್ರೆ ಹುಡುಕೋಕೆ ಒಂದು ಸಾಧನ ಇಡ್ಲಾ? ಅದರಲ್ಲಿ ಯಾರ್ಯಾರು ನೋಡಬಹುದು?" ಅವರ ಉತ್ತರ ಬರೆದಿಡಿ. ಅವರು ಬೇಡ ಅಂದ್ರೆ, ಆ "ಬೇಡ"ಕ್ಕೂ ಬೆಲೆ ಕೊಡಿ, ಇನ್ನೊಂದು ದಾರಿ ಹುಡುಕಿ. ಜೀವನವಿಡೀ ಮನೆಯ ತೀರ್ಮಾನಗಳನ್ನ ತೆಗೆದುಕೊಂಡವರನ್ನ, ಅವರದೇ ಕೈಗೆ ಏನು ಕಟ್ಟಬೇಕು ಅಂತ ಕೇಳದೆ ಕಟ್ಟೋದು ಆರೈಕೆ ಅಲ್ಲ.

ಈ ವಾರ ನಿಮ್ಮ ಮನೆಯಲ್ಲಿ ಒಂದು ಕೆಲಸ ಮಾಡಿ. ಅವರು ಇವತ್ತಿಗೂ ತಾವೇ ಮಾಡಿಕೊಳ್ಳೋ ಐದು ಕೆಲಸ ಪಟ್ಟಿ ಮಾಡಿ. ಸ್ನಾನ, ಕಾಫಿ ಕಾಸೋದು, ಹೂ ಕಟ್ಟೋದು, ಪೇಪರ್ ತಿರುವೋದು, ಏನಾದ್ರೂ ಸರಿ. ಆಮೇಲೆ ಅಂಗಡಿಗೆ ಹೋಗಿ. ಆ ಐದರಲ್ಲಿ ಒಂದನ್ನ ಇನ್ನೊಂದು ವರ್ಷ ಉಳಿಸಿಕೊಡೋ ಸಾಧನ ಇದ್ರೆ, ಸಾಲ ಮಾಡಿಯಾದ್ರೂ ತನ್ನಿ.

📌 ಸೇವ್ ಮಾಡಿಟ್ಕೊಳ್ಳಿ: ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳೋರಿಗೇ ಮನಸ್ಸು ಸೋತು ಹೋದ್ರೆ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ ಬೇಕಾದ್ರೂ.

ಭಾಗ 8: ಒಂದೇ ಪ್ರಶ್ನೆ ಇಪ್ಪತ್ತು ಸಲ ಕೇಳಿದಾಗ ಏನು ಉತ್ತರ ಕೊಡೋದು?

#ಮರೆವಿನಮನೆ #ಡಿಮೆನ್ಷಿಯಾ #ಹಿರಿಯರಆರೈಕೆ #ಕನ್ನಡ