ಗೃಹಸ್ಥರೊಡನೆ ನಾಲ್ಕು ಮಾತು: ಛಾಯಾಚಿತ್ರವೂ ನಮ್ಮ ಸೀಮೆಯೂ

ಛಾಯಾ ಎಂಬ ಶಬ್ದಕ್ಕೆ ಅಮರಕೋಶದಲ್ಲಿ ನಾಲ್ಕು ಅರ್ಥಗಳು ಹೇಳಲ್ಪಟ್ಟಿವೆ. ಸೂರ್ಯನ ಪತ್ನಿಯೆಂಬುದೊಂದು, ಕಾಂತಿಯೆಂಬುದು ಇನ್ನೊಂದು, ಪ್ರತಿಬಿಂಬವೆಂಬುದು ಮೂರನೆಯದು, ಬಿಸಿಲಿಲ್ಲದ ನೆರಳೆಂಬುದು ನಾಲ್ಕನೆಯದು. ಬೆಳಕಿಗೂ ನೆರಳಿಗೂ ಒಂದೇ ಶಬ್ದವು ಸಲ್ಲುವುದೆಂತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಯಂತ್ರದಿಂದ ತೆಗೆದ ಚಿತ್ರವನ್ನು ಒಮ್ಮೆ ಚೆನ್ನಾಗಿ ನೋಡಿದರೆ ಈ ಸಂಶಯವು ಪರಿಹಾರವಾಗುವುದು. ಕಾಂತಿಯೂ ನೆರಳೂ ಕೂಡಿಯೇ ಅಲ್ಲಿ ಪ್ರತಿಬಿಂಬವಾಗಿರುವುವು. 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಈ ವಿದ್ಯೆಗೆ ನಮ್ಮವರು ಛಾಯಾಚಿತ್ರವೆಂಬ ಹೆಸರನ್ನಿಟ್ಟುದು ಬಹು ಯುಕ್ತವಾಗಿದೆ.

ಈಗ ಈ ವಿದ್ಯೆಯು ಮನೆಮನೆಗೂ ಬಂದಿದೆ. ಶೃಂಗೇರಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ದೊರೆಯುವ ನಮ್ಮ ಬೇಗಾರಿನಲ್ಲಿಯೂ ಮೊಬೈಲಿಲ್ಲದ ಮನೆಯು ಅಪರೂಪ. ರಜೆಗೆ ಬೆಂಗಳೂರಿನಿಂದ ಬರುವ ಮಕ್ಕಳು ದಿನಕ್ಕೆ ನೂರು ಚಿತ್ರಗಳನ್ನಾದರೂ ತೆಗೆಯುವರು. ಆದರೆ ಅವುಗಳಲ್ಲಿರುವುದೇನು? ಶೃಂಗೇರಿಯ ಗೋಪುರ, ಸಿರಿಮನೆಯ ಜಲಪಾತ, ಆಗುಂಬೆಯ ಸೂರ್ಯಾಸ್ತ, ಮತ್ತು ಇವೆಲ್ಲದರ ಮುಂದೆ ನಿಂತ ತಮ್ಮ ಮುಖ. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸಾವಿರಾರು ಯಾತ್ರಿಕರು ತೆಗೆಯುವ ಚಿತ್ರವನ್ನೇ ಮನೆಯ ಮಗನೂ ತೆಗೆದುಕೊಂಡು ಹೋದರೆ, ಮನೆಯವರು ಮಾತ್ರ ತೆಗೆಯಬಹುದಾದ ಚಿತ್ರವನ್ನು ತೆಗೆಯುವವರಾರು? ಈ ತಿಂಗಳು ವಾಚಕರ ಮುಂದೆ ಇಡಬೇಕಾದ ಪ್ರಶ್ನೆಯು ಇದೇ.

ಅಮೆರಿಕಾ ದೇಶದ ನೈರುತ್ಯ ಭಾಗದಲ್ಲಿ ಟೂಸಾನ್ ಎಂಬ ಮರುಭೂಮಿಯ ಪಟ್ಟಣವೊಂದಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿಯಲ್ಲಿ 300 ಮಿಲಿಮೀಟರಿಗಿಂತ ಕಡಿಮೆ. ನಮ್ಮ ನೆರೆಯ ಆಗುಂಬೆಯಲ್ಲಾದರೋ ಸುಮಾರು 7,500 ಮಿಲಿಮೀಟರ್ ಮಳೆಯು ಸುರಿಯುವುದು. ಅಲ್ಲಿನವರಿಗೆ ಬೆಳಕು ಹೇರಳ, ನೀರು ದುರ್ಲಭ. ನಮಗೆ ನೀರು ಹೇರಳ, ಬೆಳಕು ದುರ್ಲಭ. ಆದರೂ ಅಲ್ಲಿನ ಚಿತ್ರಗಾರರು 1797ರಲ್ಲಿ ಪೂರ್ಣವಾದ ತಮ್ಮ ಹಳೆಯ ಇಗರ್ಜಿಯನ್ನು ಮಾತ್ರವಲ್ಲದೆ ಬೀದಿಯ ಅಂಗಡಿ, ಮಣ್ಣಿನ ಗೋಡೆ, ಆಳೆತ್ತರ ಮೀರಿದ ಪಾಪಾಸುಕಳ್ಳಿ ಇವುಗಳನ್ನೂ ಆದರದಿಂದ ಚಿತ್ರಿಸಿಡುವರು. ಕಳ್ಳಿಗೆ ಅಲ್ಲಿ ದೊರೆತ ಗೌರವವು ಇಲ್ಲಿ ನಮ್ಮ ಅಡಿಕೆಯ ಮರಕ್ಕೆ ದೊರೆಯಬಾರದೆ?

ನಮ್ಮ ನಾಡಿನಲ್ಲಿಯೇ ಇದಕ್ಕೆ ದೊಡ್ಡ ಮೇಲ್ಪಂಕ್ತಿಯುಂಟು. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ರಾಜರನ್ನೂ ಮಂತ್ರಿಗಳನ್ನೂ ಚಿತ್ರಿಸಿದವರಾದರೂ, ಅವರ ಕೀರ್ತಿಯು ನಿಂತಿರುವುದು ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ ಚಿತ್ರಗಳ ಮೇಲೆ. ಅವರು ತಮ್ಮ ನೆನಪುಗಳ ಕನ್ನಡ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಕನ್ನಡಿಯು ಅರಮನೆಯನ್ನೂ ಅಂಗಳವನ್ನೂ ಒಂದೇ ರೀತಿಯಲ್ಲಿ ತೋರಿಸುವುದಲ್ಲವೆ?

ಹಾಗಾದರೆ ನಮ್ಮ ಸುತ್ತಲೂ ಚಿತ್ರಿಸತಕ್ಕವು ಯಾವುವು? ಹೆಸರಾದ ಸ್ಥಳಗಳಿಂದಲೇ ಆರಂಭಿಸೋಣ. ಶೃಂಗೇರಿಯ ವಿದ್ಯಾಶಂಕರ ದೇವಾಲಯವು 14ನೆಯ ಶತಮಾನದ್ದು. 1338ರಲ್ಲಿ ಆಯಿತೆಂದು ಹೇಳುವರು. ಅದರ ಮಂಟಪದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಆಯಾ ಮಾಸದ ಸೂರ್ಯಕಿರಣವು ಆಯಾ ಕಂಬದ ಮೇಲೆ ಬೀಳುವುದೆಂದು ಪ್ರತೀತಿ. ದೇವಾಲಯದ ಒಳಗೆ ಚಿತ್ರ ತೆಗೆಯಬಾರದೆಂಬ ಕಟ್ಟಳೆಯನ್ನು ಮೀರದೆ, ಹೊರಗಿನ ಕಲ್ಲಿನ ಶಿಲ್ಪವನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಬೇಕು. ನಡುಹಗಲಿನಲ್ಲಿ ಚಪ್ಪಟೆಯಾಗಿ ತೋರುವ ವಿಗ್ರಹವು ಆಗ ಗೋಡೆಯಿಂದ ಹೊರಗೆ ಬಂದಂತೆ ಕಾಣುವುದು. ಇದು ಓರೆಯಾಗಿ ಬಿದ್ದ ನೆರಳಿನ ಮಹಿಮೆ. 2014ರಲ್ಲಿ ಕುಂಭಾಭಿಷೇಕವಾದ ರಾಜಗೋಪುರವನ್ನೂ ಈ ಪುರಾತನ ದೇವಾಲಯವನ್ನೂ ಒಂದೇ ಚಿತ್ರದಲ್ಲಿ ಹಿಡಿದರೆ ಆರೂವರೆ ಶತಮಾನಗಳಿಗೂ ಮಿಕ್ಕ ಕಾಲವು ಅಂಗೈಯಗಲದಲ್ಲಿ ನಿಲ್ಲುವುದು.

ಇನ್ನು ಹೆಸರಿಲ್ಲದವು. ಹಳ್ಳಕ್ಕೆ ಅಡ್ಡಲಾಗಿ ಅಡಿಕೆಯ ಮರವನ್ನು ಹಾಕಿ ಮಾಡಿದ ಕಾಲುಸಂಕ. ತೋಟದ ಬೇಲಿಯ ದಣಪೆ. ಮಳೆಗಾಲದ ಗದ್ದೆಯಲ್ಲಿ ಗೊರಬು ಹೊದ್ದು ಬಗ್ಗಿದ ಹೆಂಗಸರು. ಹಾಳೆಟೋಪಿಯನ್ನಿಟ್ಟು ಮರದಿಂದ ಮರಕ್ಕೆ ತೂಗಿಕೊಂಡು ಹೋಗುವ ಕೊನೆಗಾರ. ಸುಗ್ಗಿಯ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವ ಜನ. ಹಂಡೆಯಲ್ಲಿ ಕೆಂಪಗೆ ಕುದಿಯುವ ಚೊಗರು. ಅಂಗಳದ ಚಪ್ಪರದ ಮೇಲೆ ಹರಡಿದ ಬೇಯಿಸಿದ ಅಡಿಕೆ. ನಮಗೆ ಇವು ನಿತ್ಯದ ನೋಟಗಳು. ನಿತ್ಯವಾದ ಕಾರಣದಿಂದಲೇ ಕಣ್ಣಿಗೆ ಬೀಳದೆ ಹೋಗುವುವು. ಗೊರಬಿನ ಸ್ಥಾನವನ್ನು ಪ್ಲಾಸ್ಟಿಕ್ಕು ಆಕ್ರಮಿಸಿದೆ. ಸುಲಿಯುವ ಕೆಲಸಕ್ಕೆ ಯಂತ್ರವು ಬಂದಿದೆ. ಮಳೆಗಾಲದ ಕೊಳೆರೋಗಕ್ಕೆ ಅಂಜಿ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಪದ್ಧತಿಯನ್ನು ನಮ್ಮ ಮೊಮ್ಮಕ್ಕಳು ಕಂಡೇ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಆ ರೋಗದ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. ಮುಂದೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ಬಳಕೆಗೆ ಬಂದು ಕೊಟ್ಟೆಯು ಹಿಂದೆ ಸರಿಯಿತು. ಒಳ್ಳೆಯದೇ ಆಯಿತು. ಆದರೆ ಕೊಟ್ಟೆ ಕಟ್ಟಿದ ತೋಟದ ಚಿತ್ರವು ಎಷ್ಟು ಮನೆಗಳಲ್ಲಿದೆ?

ಮಳೆನಾಡಿನಲ್ಲಿ ಚಿತ್ರ ತೆಗೆಯುವವರಿಗೆ ಕೆಲವು ಸೂಚನೆಗಳು ಅವಶ್ಯಕ. ಬಿಸಿಲಿನ ಹೊತ್ತಿನಲ್ಲಿ ಅಡಿಕೆತೋಟದ ಒಳಗೆ ಬೆಳಕಿನ ಚುಕ್ಕೆಗಳೂ ಕಗ್ಗತ್ತಲೆಯೂ ಬೆರೆತು ಚಿತ್ರವು ಕಲಕಿಹೋಗುವುದು. ಮೋಡ ಕವಿದ ದಿನ ಅಥವಾ ಬೆಳಗಿನ ಮಂಜು ಆ ಕೆಲಸಕ್ಕೆ ಉತ್ತಮ. ಮುಖಗಳಿಗೂ ಮೋಡದ ಬೆಳಕೇ ಸೌಮ್ಯ. ಆದಕಾರಣ ಬಿಸಿಲಿಲ್ಲವೆಂದು ಯಾರೂ ಖೇದಪಡಬೇಕಾಗಿಲ್ಲ. ಅಮರಕೋಶದ ನಾಲ್ಕನೆಯ ಅರ್ಥವೂ ಛಾಯೆಯೇ. ತೇವದಿಂದ ಕ್ಯಾಮೆರಾದ ಗಾಜಿನ ಮೇಲೆ ಬೂಸಲು ಹಿಡಿಯುವುದು ಇಲ್ಲಿನ ದೊಡ್ಡ ಪೀಡೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ತೇವವನ್ನು ಹೀರುವ ಸಿಲಿಕಾದ ಪೊಟ್ಟಣದೊಡನೆ ಅದನ್ನಿಡತಕ್ಕದ್ದು.

ಯಂತ್ರಕ್ಕಿಂತ ಮೊದಲು ಕಲಿಯಬೇಕಾದುದು ಮರ್ಯಾದೆ. ಕೆಲಸದಲ್ಲಿ ತೊಡಗಿದವರನ್ನು ಕೇಳದೆ ಚಿತ್ರ ತೆಗೆಯುವುದು, ಕರೆಯದ ಮನೆಗೆ ಒಳಹೊಕ್ಕಂತೆ. “ಅಮ್ಮಾ, ಒಂದು ಫೋಟೋ ತೆಗೆಯಲೇ?” ಎಂದರೆ, “ಈ ಅವತಾರದಲ್ಲಾ? ತಡೀರಿ ಮಾರಾಯ್ರೆ, ಸೀರೆ ಬದಲಿಸಿ ಬರ್ತೇನೆ” ಎಂಬ ಉತ್ತರವು ಬರುವುದು ಸಹಜ. ನಾಗರಿಕನಾದ ಹುಡುಗನು ಇದಕ್ಕೆ ಬೇಸರಪಡುವನು. ಅವನಿಗೆ ಕೆಸರಿನ ಸೀರೆಯೇ ಸುಂದರ. ಆದರೆ ತಾನು ಹೇಗೆ ಕಾಣಬೇಕೆಂದು ನಿರ್ಣಯಿಸುವ ಅಧಿಕಾರವು ಆಕೆಯದು. ಆಕೆಯು ಬಯಸಿದ ಚಿತ್ರವನ್ನು ಮೊದಲು ತೆಗೆದು, ಅದರ ಪ್ರತಿಯೊಂದನ್ನು ಆಕೆಯ ಮನೆಗೆ ತಲುಪಿಸಿ, ಅನಂತರ ಒಪ್ಪಿಗೆಯಿದ್ದರೆ ಗದ್ದೆಯ ಚಿತ್ರವನ್ನು ತೆಗೆಯಲಿ.

ಈಗ ಮುಖ್ಯವಾದ ಮಾತಿಗೆ ಬರುವೆವು. ಶೃಂಗೇರಿ ಕೊಪ್ಪ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗವು ಹಲವು ದಶಕಗಳಿಂದ ಪೀಡಿಸುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಕಣ್ಣಿಗೆ ಕಾಣದ ಫೈಟೋಪ್ಲಾಸ್ಮಾ ಎಂಬ ಜೀವಿಯು ಇದಕ್ಕೆ ಕಾರಣ. ಕೆಳಗಿನ ಸೋಗೆಗಳ ತುದಿಯಲ್ಲಿ ಮೊದಲು ಹಳದಿ ಬಣ್ಣವು ತೋರಿ, ಕ್ರಮೇಣ ಅಡಿಕೆಯ ತಿರುಳು ಕಪ್ಪಾಗಿ, ಮರದ ತಲೆಯು ಕುಗ್ಗುವುದು. ರೋಗ ತಗಲಿದ ಮರವನ್ನು ಪೂರ್ಣವಾಗಿ ಗುಣಪಡಿಸುವ ಔಷಧಿಯು ಇನ್ನೂ ದೊರೆತಿಲ್ಲ. ಇದು ಒಂದೇ ದಿನ ಬಂದೆರಗುವ ಪ್ರವಾಹವಲ್ಲ. ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಇಳಿಯುವ ಸಂಜೆ. ದಿನವೂ ನೋಡುವ ಕಣ್ಣಿಗೆ ಅದರ ಅಳತೆಯು ತಿಳಿಯದು. ತೋಟವು ಕ್ಷೀಣಿಸಿದಂತೆ ಮಕ್ಕಳು ಪಟ್ಟಣ ಸೇರುವರು. ಮಕ್ಕಳು ಪಟ್ಟಣ ಸೇರಿದಂತೆ ಮನೆಗಳಿಗೆ ಬೀಗ ಬೀಳುವುದು.

ಇಲ್ಲಿ ಛಾಯಾಚಿತ್ರವು ವಿನೋದವನ್ನು ಬಿಟ್ಟು ಸಾಕ್ಷಿಯಾಗುವುದು. ಪ್ರತಿವರ್ಷವೂ ಒಂದೇ ತಿಂಗಳಲ್ಲಿ, ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ ಮುಖಮಾಡಿ ತೋಟದ ಒಂದು ಚಿತ್ರವನ್ನು ತೆಗೆದಿಡಬೇಕು. ಹತ್ತು ವರ್ಷಗಳ ಹತ್ತು ಚಿತ್ರಗಳನ್ನು ಸಾಲಾಗಿ ಇಟ್ಟರೆ ಯಾವ ಮೂಲೆಯಲ್ಲಿ ರೋಗವು ಮೊದಲು ತೋರಿತು, ಎತ್ತ ಹರಡಿತು, ಹಸುರಾಗಿಯೇ ಉಳಿದ ಮರ ಯಾವುದು ಎಂಬುದು ಸ್ಪಷ್ಟವಾಗುವುದು. ರೋಗದ ನಡುವೆಯೂ ಆರೋಗ್ಯವಾಗಿ ಉಳಿದ ಮರಗಳನ್ನೇ ವಿಜ್ಞಾನಿಗಳು ತಳಿಗಾಗಿ ಹುಡುಕುವರು. ಪರಿಹಾರವನ್ನು ಕೇಳುವ ಕೃಷಿಕನಿಗೂ ಬಾಯಿಮಾತಿಗಿಂತ ಇಂತಹ ಸಾಲು ಹೆಚ್ಚಿನ ಬಲವನ್ನು ಕೊಡುವುದು. ಬೀಗ ಬೀಳಲಿರುವ ಮನೆಗಳ ಜಗಲಿ, ಅಡಿಗೆಮನೆ, ಬಚ್ಚಲೊಲೆ, ದೇವರ ಗೂಡು ಇವುಗಳ ಚಿತ್ರವೂ ಹೀಗೆಯೇ ಉಳಿಯಲಿ.

ಚಿತ್ರವನ್ನು ತೆಗೆದರೆ ಸಾಲದು, ಹೆಸರು ಬರೆಯಬೇಕು. ಹಳೆಯ ಆಲ್ಬಮ್ಮುಗಳಲ್ಲಿ ಸ್ಟುಡಿಯೋದ ಮುದ್ರೆಯು ಅಚ್ಚಳಿಯದೆ ಇರುವುದು. ಅದರೊಳಗೆ ನಿಂತ ಅಜ್ಜಿಯರ ಹೆಸರುಗಳನ್ನು ಬಲ್ಲವರು ಮಾತ್ರ ಇಲ್ಲ. ಯಜಮಾನನ ಹೆಸರು ತಿಳಿದಿದ್ದರೂ, ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತ ಆಳಿನ ಹೆಸರು ಯಾರಿಗೂ ತಿಳಿಯದು. ತೋಟವನ್ನು ಬೆಳೆಸಿದ ಕೈಗಳಲ್ಲಿ ಅವನ ಕೈಗಳೂ ಇದ್ದುವು. ಆದುದರಿಂದ ಚಿತ್ರದಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ, ಸ್ಥಳವನ್ನೂ, ತಿಂಗಳು ವರ್ಷಗಳನ್ನೂ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆಯತಕ್ಕದ್ದು. ಮೊಬೈಲಿನಲ್ಲಿರುವ ಸಾವಿರ ಚಿತ್ರಗಳಲ್ಲಿ ವರ್ಷಕ್ಕೆ ಹನ್ನೆರಡನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಉಳಿದವುಗಳ ಪ್ರತಿಯನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು. ಒಂದು ಫೋನು ಹೊಳೆಗೆ ಬಿದ್ದರೆ ಒಂದು ಮನೆತನದ ನೆನಪು ಹೊಳೆಗೆ ಬೀಳಬಾರದು.

ಈ ಕೆಲಸಕ್ಕೆ ಹಣವು ಹೆಚ್ಚು ಬೇಡ, ವಿದ್ಯೆಯೂ ಹೆಚ್ಚು ಬೇಡ. ಮನೆಯಲ್ಲಿ ಹಿರಿಯರು ಇರುವಾಗಲೇ ಹಳೆಯ ಆಲ್ಬಮ್ಮನ್ನು ಅವರ ಮುಂದೆ ತೆರೆದು, ಮಕ್ಕಳ ಕೈಗೆ ಸೀಸದ ಕಡ್ಡಿಯನ್ನು ಕೊಡಿರಿ. ಒಂದು ಭಾನುವಾರದ ಮಧ್ಯಾಹ್ನವು ಇದಕ್ಕೆ ಸಾಕು. ಆ ಭಾನುವಾರವು ಈ ತಿಂಗಳಿನದೇ ಆಗಲಿ ಎಂಬುದು ನಮ್ಮ ವಿಜ್ಞಾಪನೆ.