ಗೃಹಸ್ಥಧರ್ಮ: ಸ್ಕೂಟರಿನ ಶಾಕ್ ಅಬ್ಸಾರ್ಬರ್



ಕಾಯಕ, ದಾಸೋಹ, ಪಂಚಾಚಾರಗಳ ವಿಚಾರವನ್ನು ಬರೆಯುತ್ತ ಬಂದಿರುವ ನಾವು ಈ ತಿಂಗಳು ಸ್ಕೂಟರಿನ ಶಾಕ್ ಅಬ್ಸಾರ್ಬರನ್ನು ಕುರಿತು ಬರೆಯುತ್ತಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಮಠದಲ್ಲಿ ಶಾಸ್ತ್ರ ಓದಿದವರಿಗೆ ಮೆಕ್ಯಾನಿಕನ ಕೆಲಸದ ಗೊಡವೆ ಏಕೆ ಎಂದು ಕೇಳಿದರೂ ತಪ್ಪಲ್ಲ. ಆದರೆ ಈ ವಿಷಯವನ್ನು ನಾವು ಗ್ರಂಥಗಳಿಂದ ಕಲಿತವರಲ್ಲ, ನಮ್ಮ ಮನೆಯವರ ಕೈ ಮುರಿದ ಮೇಲೆ ಕಲಿತವರು. ಆದುದರಿಂದ ಇದನ್ನು ನಾಲ್ಕು ಮನೆಗಳಿಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿದ್ದೇವೆ.

2018ರ ಶ್ರಾವಣ ಮಾಸ. ನಮ್ಮ ಊರಿನಿಂದ 14 ಕಿ.ಮೀ. ದೂರದ ಹಳ್ಳಿಯೊಂದರಲ್ಲಿ ತಿಂಗಳ ಪ್ರವಚನವನ್ನು ಒಪ್ಪಿಕೊಂಡಿದ್ದೆವು. ರಾತ್ರಿ ಮರಳಲು ಬಸ್ಸಿಲ್ಲದ ಕಾರಣ ನಿತ್ಯವೂ ಸ್ಕೂಟರಿನ ಮೇಲೆಯೇ ಪ್ರಯಾಣ. ಹಿಂದೆ ನಮ್ಮ ಮನೆಯವರು. ಮಾಸಾರಂಭಕ್ಕೆ ಮುನ್ನ ಸರ್ವೀಸ್ ಮಾಡಿಸಲು ಹೋದಾಗ ಮೆಕ್ಯಾನಿಕ್ ಹುಡುಗನು ಹಿಂದಿನ ಗಾಲಿಯ ಬಳಿ ಕೈಯಾಡಿಸಿ, ಎಣ್ಣೆ ಹತ್ತಿದ ಬೆರಳುಗಳನ್ನು ತೋರಿಸಿ, “ಶಾಸ್ತ್ರಿಗಳ, ಹಿಂದಿನ ಶಾಕಪ್ ಸೋರಾಕ ಹತ್ತೇತ್ರಿ. ಈಗ ಬದಲಿ ಮಾಡಸ್ರಿ” ಎಂದನು. “ಶ್ರಾವಣ ಮುಗೀಲಿ ತಮ್ಮಾ” ಎಂದು ಹೊರಟುಬಿಟ್ಟೆವು. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ಸವಾರಿಯು ಮೊದಲಿಗಿಂತ ಮೆತ್ತಗಾದಂತೆ ನಮಗೆ ತೋರಿತ್ತು. ಮೆತ್ತಗಿದ್ದುದೆಲ್ಲ ಒಳ್ಳೆಯದೆಂಬ ಭ್ರಮೆ ನಮ್ಮದು.

ಒಂದು ರಾತ್ರಿ ಹಳ್ಳಿಯ ಹೊರಗೆ ಬಣ್ಣ ಬಳಿಯದ ರಸ್ತೆಯುಬ್ಬು ಕಣ್ಣಿಗೆ ಬೀಳಲಿಲ್ಲ. ಗಾಡಿಯ ಹಿಂಭಾಗವು ಧಡ್ ಎಂದು ಕುಸಿದು, ಮರುಕ್ಷಣವೇ ಮೇಲಕ್ಕೆ ಚಿಮ್ಮಿತು. ಒಂದೇ ಮಗ್ಗುಲಿಗೆ ಕುಳಿತಿದ್ದ ಮನೆಯವರು ಕೆಳಗೆ ಬಿದ್ದರು. ಹೆಲ್ಮೆಟ್ ಇದ್ದುದರಿಂದ ತಲೆಗೆ ಪೆಟ್ಟಾಗಲಿಲ್ಲ. ಎಡಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಎಡ ಅಂಗೈ ಇಷ್ಟಲಿಂಗದ ಪೀಠವೆಂಬುದು ನಮ್ಮ ಓದುಗರಿಗೆ ಹೇಳಬೇಕಾದ ಮಾತಲ್ಲ. ಆ ಆರು ವಾರಗಳೂ ಅವರು ಬಲಗೈಯಲ್ಲಿ ಲಿಂಗವನ್ನು ಹಿಡಿದು ಕುಳಿತುಕೊಳ್ಳುತ್ತಿದ್ದರು, ನಾವು ಪಕ್ಕದಲ್ಲಿ ಕುಳಿತು ಪತ್ರೆ ಏರಿಸುತ್ತಿದ್ದೆವು. ಒಂದು ದಿನ ಮಾತ್ರ ಅವರು, “ಏನ್ರೀ, ದಿನಾ ಮಂದೀಗೆ ಕಾಯಕದ ಬಗ್ಗೆ ಹೇಳ್ತೀರಿ. ಆ ಹುಡುಗ ತನ್ನ ಕಾಯಕದ ಮಾತು ಹೇಳಿದ್ರ ಕೇಳಲಿಲ್ಲ” ಎಂದರು. ಅಂಬಿಗರ ಚೌಡಯ್ಯನವರನ್ನು ಶರಣರೆಂದು ಕೊಂಡಾಡುವ ನಾವು, ಸೋರುವ ದೋಣಿಗೆ ಜನರನ್ನು ಹತ್ತಿಸಬಾರದೆಂಬ ವಿವೇಕವನ್ನೇ ಮರೆತಿದ್ದೆವು.

ಬಳಿಕ ಆ ಹುಡುಗನ ಬಳಿಯಲ್ಲಿಯೇ ಕುಳಿತು ವಿಷಯವನ್ನು ತಿಳಿದುಕೊಂಡೆವು. ಈ ಉಪಕರಣದಲ್ಲಿ ಎರಡು ಅಂಗಗಳಿವೆ. ಹೊರಗೆ ಕಾಣುವ ಸ್ಪ್ರಿಂಗ್ ಒಂದು, ಒಳಗಿರುವ ಎಣ್ಣೆಯ ಕೊಳವೆ ಇನ್ನೊಂದು. ಸ್ಪ್ರಿಂಗ್ ಭಾರವನ್ನು ಹೊರುತ್ತದೆ, ಪೆಟ್ಟು ಬಿದ್ದಾಗ ಕುಗ್ಗುತ್ತದೆ; ಆದರೆ ಅದು ಪೆಟ್ಟನ್ನು ಜೀರ್ಣಿಸಿಕೊಳ್ಳಲಾರದು. ಪಡೆದುದನ್ನೆಲ್ಲ ಹಿಂದಿರುಗಿಸುವುದೇ ಅದರ ಸ್ವಭಾವ. ಕೊಳವೆಯೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕುವಾಗ ಆ ಚಲನೆಯ ಶಕ್ತಿಯು ಶಾಖವಾಗಿ ಕರಗಿಹೋಗುತ್ತದೆ. ಎಣ್ಣೆ ಸೋರಿಹೋದರೆ ಉಳಿಯುವುದು ಬರಿಯ ಸ್ಪ್ರಿಂಗ್. ಆಗ ಸವಾರಿ ಮೆತ್ತಗೆ ತೂಗುತ್ತದೆ, ಆದರೆ ಗಾಲಿಯು ನೆಲವನ್ನು ಬಿಟ್ಟು ಕುಪ್ಪಳಿಸತೊಡಗುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಶಾಕ್ ಅಬ್ಸಾರ್ಬರ್ ಇರುವುದು ಸುಖಾಸನಕ್ಕಷ್ಟೇ ಅಲ್ಲ, ಗಾಲಿಯನ್ನು ನೆಲಕ್ಕೆ ಹಿಡಿದಿಡುವುದಕ್ಕೆ ಎಂಬುದೇ ಇಲ್ಲಿ ಮುಖ್ಯವಾದ ಮಾತು.

ಸ್ಕೂಟರಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಬಹುಕಾಲ ನಮ್ಮ ಮನೆಗಳ ಮುಂದೆ ನಿಂತಿದ್ದ ಬಜಾಜ್ ಚೇತಕ್‌ನ ಗಾಲಿ 10 ಅಂಗುಲದ್ದು. ಮೋಟಾರ್ ಸೈಕಲ್ಲಿನ ದೊಡ್ಡ ಗಾಲಿ ದಾಟಿಹೋಗುವ ಗುಂಡಿಯಲ್ಲಿ ಸಣ್ಣ ಗಾಲಿ ಇಳಿದುಬಿಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗಕ್ಕೆ ಹಾಕುವ ರಸ್ತೆಯುಬ್ಬು 10 ಸೆಂ.ಮೀ. ಎತ್ತರವಿದ್ದರೆ 3.7 ಮೀಟರ್ ಅಗಲವಾಗಿ ಹರಡಿಕೊಂಡಿರಬೇಕು. ನಮ್ಮ ಊರುಗಳಲ್ಲಿ ಕಾಣುವವು ಅನೇಕ ಕಡೆ ಗೋಡೆಯಂತೆ ಕಡಿದಾಗಿರುತ್ತವೆ. ಅವುಗಳ ಪೆಟ್ಟನ್ನು ತಾಳಬೇಕಾದುದು ಈ ಒಂದು ಕೊಳವೆಯೇ.

ಕೆಟ್ಟಿರುವುದನ್ನು ಮನೆಯಲ್ಲಿಯೇ ಅರಿಯುವ ಬಗೆ ಸುಲಭ. ಮೊದಲು ಟೈರಿನ ಗಾಳಿಯನ್ನು ಸರಿಪಡಿಸಿಕೊಳ್ಳಿರಿ. ಗಾಳಿ ಹೆಚ್ಚಾದರೂ ಗಾಡಿ ಕುಲುಕುತ್ತದೆ. ಅನಂತರ ಸ್ಟ್ಯಾಂಡ್ ತೆಗೆದು, ಗಾಡಿಯನ್ನು ನೇರವಾಗಿ ಹಿಡಿದು, ಸೀಟಿನ ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿರಿ. ಒಮ್ಮೆ ಮೇಲೆದ್ದು ನಿಂತರೆ ಸರಿಯಾಗಿದೆ. ಎರಡು ಮೂರು ಸಲ ತೂಗಾಡಿದರೆ ಒಳಗಿನ ಎಣ್ಣೆಯ ಕೆಲಸ ಮುಗಿದಿದೆ. ಕೊಳವೆಯ ಮೇಲೆ ಎಣ್ಣೆಯೊಡನೆ ಧೂಳು ಅಂಟಿದ್ದರೆ ಆಯಿಲ್ ಸೀಲ್ ಹರಿದಿದೆ. ಸಣ್ಣ ಗುಂಡಿಗೂ ಟಕ್ ಟಕ್ ಎಂದರೆ ರಬ್ಬರ್ ಬುಷ್ ಸವೆದಿರಬಹುದು. ಟೈರು ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಅದೂ ಒಂದು ಸೂಚನೆ. ಕೆಟ್ಟ ರಸ್ತೆಯಲ್ಲಿ ದೂರ ಬಂದ ಮೇಲೆ, ಸೈಲೆನ್ಸರಿಗೆ ಕೈ ತಾಗದಂತೆ ಕೊಳವೆಯನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಅದು ದುಡಿದಿದೆ, ತೀರಾ ತಣ್ಣಗಿದ್ದರೆ ಸಂಶಯಪಡಬೇಕು.

ಹೊಸದನ್ನು ಕೊಳ್ಳುವಾಗ ಗಾಡಿಯ ಮಾದರಿ ಮತ್ತು ವರ್ಷವನ್ನು ಹೇಳಿ ಅದಕ್ಕೇ ಮಾಡಿದುದನ್ನು ಕೇಳಬೇಕು. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಹಳೆಯದಕ್ಕೆ ಸಮನಾಗಿರಲಿ. ಉದ್ದವಾದರೆ ಹಿಂಭಾಗ ಎದ್ದು ಹ್ಯಾಂಡಲ್ ಚಂಚಲವಾಗುತ್ತದೆ. ಗಿಡ್ಡವಾದರೆ ಗಾಡಿಯ ಹೊಟ್ಟೆ ಉಬ್ಬಿಗೆ ತಾಗುತ್ತದೆ. ತೀರಾ ಬಿರುಸಾದ ಸ್ಪ್ರಿಂಗ್ ಕೂಡ ಬೇಡ, ಅದು ಬೆನ್ನಿಗೆ ಶತ್ರು. ಗಾಡಿಗೆ ಹಿಂದೆ ಎರಡು ಇದ್ದರೆ ಜೋಡಿಯಾಗಿಯೇ ಬದಲಿಸಬೇಕು. ಕೊಳವೆಯನ್ನು ಕೊಯ್ದು, ಎಣ್ಣೆ ತುಂಬಿ, ಬೆಸುಗೆ ಹಾಕಿ ಕೊಡುವ ಅಗ್ಗದ ರಿಪೇರಿಗೆ ಮನಸೋಲಬಾರದು. ಒಳಗೆ ಗ್ಯಾಸ್ ತುಂಬಿದ ಬಗೆಯದಾದರೆ ಅದನ್ನು ಕೊಯ್ಯುವುದೇ ಅಪಾಯ. ಬಿಲ್ಲು ಕೊಡುವ ಅಂಗಡಿಯಲ್ಲಿಯೇ ಕೊಳ್ಳಿರಿ.

ಈಗಿನ ಹಲವು ಸ್ಕೂಟರುಗಳಲ್ಲಿ ಸ್ಪ್ರಿಂಗನ್ನು ಹೊಂದಿಸುವ ಮೆಟ್ಟಿಲುಗಳಿವೆ. 2020ರಲ್ಲಿ ಬಂದ ಆಕ್ಟಿವಾ 6ಜಿ ಮಾದರಿಯಲ್ಲಿ ಹಿಂದೆ ಅಂಥ ಮೂರು ಮೆಟ್ಟಿಲುಗಳಿದ್ದವು. ಒಬ್ಬರೇ ಹೋಗುವಾಗ ಕೆಳಗಿನ ಮೆಟ್ಟಿಲು, ಹಿಂದೆ ಹಿರಿಯರೊಬ್ಬರು ಕುಳಿತರೆ ಮೇಲಿನದು. ಇದರಿಂದ ಭಾರಕ್ಕೆ ಗಾಡಿ ಕುಸಿದು ಕುಳಿತುಕೊಳ್ಳುವುದು ತಪ್ಪುತ್ತದೆ. ಆದರೆ ಸೋರಿದ ಕೊಳವೆಗೆ ಇದು ಮದ್ದಲ್ಲ.

ಪಾಲನೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ರಾಡಿನ ಮೇಲಿನ ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣಗಿದ ಮಣ್ಣು ಉಜ್ಜುಕಾಗದದಂತೆ ಸೀಲನ್ನು ತಿನ್ನುತ್ತದೆ. ತೊಳೆದ ಮೇಲೆ ಡೀಸೆಲ್ ಸಿಂಪಡಿಸುವ ರೂಢಿಯನ್ನು ಬಿಡಬೇಕು, ಅದರಿಂದ ರಬ್ಬರ್ ಕೆಡುತ್ತದೆ. ಮುಂದೆ ಟೆಲಿಸ್ಕೋಪಿಕ್ ಫೋರ್ಕ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಎಣ್ಣೆಯನ್ನು ಪರೀಕ್ಷಿಸಲು ಹೇಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಭಾರದಲ್ಲಿ ಮಿತಿಯಿರಲಿ. 1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮು ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಬಾರದೆನ್ನುತ್ತದೆ. ಜಾತ್ರೆಗೆ ಇಡೀ ಸಂಸಾರವನ್ನು ಒಂದೇ ಸ್ಕೂಟರಿನ ಮೇಲೆ ಕರೆತರುವ ಭಕ್ತರನ್ನು ಕಂಡಾಗ ನಮ್ಮ ಎದೆ ನಡುಗುತ್ತದೆ.

ಮಹಾನವಮಿಗೆ ಗಾಡಿ ತೊಳೆದು ಹೂಮಾಲೆ ಹಾಕುವುದು ನಮ್ಮ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಹಾಕಿರಿ, ಬೇಡವೆನ್ನುವುದಿಲ್ಲ. ಅದರೊಡನೆ ಒಮ್ಮೆ ಬಗ್ಗಿ ಹಿಂದಿನ ಗಾಲಿಯ ಬಳಿ ಕೈಯಾಡಿಸಿ ನೋಡಿರಿ. ಬೆರಳಿಗೆ ಎಣ್ಣೆ ಹತ್ತಿದರೆ ಶ್ರಾವಣ ಮುಗಿಯಲೆಂದು ಕಾಯಬೇಡಿರಿ. ನಮ್ಮ ಮನೆಯವರು ಈಗ ಎಡ ಅಂಗೈಯಲ್ಲಿಯೇ ಲಿಂಗವನ್ನಿರಿಸಿಕೊಂಡು ಪೂಜಿಸುತ್ತಾರೆ. ಚಳಿಗಾಲದ ಬೆಳಗಿನಲ್ಲಿ ಮಣಿಕಟ್ಟು ನೋಯುತ್ತದಂತೆ. ಅವರು ಹೇಳುವುದಿಲ್ಲ, ನಮಗೆ ತಿಳಿಯುತ್ತದೆ.