ಛಾಯಾಗ್ರಾಹಕನ ಮೆಚ್ಚಿನ ಕಣ್ಣು

ನಮ್ಮ ಭಾಗದ ಯಾವ ಮನೆಯ ಪಡಸಾಲೆಯನ್ನು ಪ್ರವೇಶಿಸಿದರೂ ಮೊದಲು ಕಣ್ಣಿಗೆ ಬೀಳುವವು ಗೋಡೆಯ ಮೇಲಿನ ಹಿರಿಯರ ಭಾವಚಿತ್ರಗಳು. ಹಣೆಯ ತುಂಬ ವಿಭೂತಿ, ತಲೆಗೆ ರುಮಾಲು, ಗಂಭೀರ ಮುಖ. ಪಕ್ಕದಲ್ಲಿ ಸೆರಗು ಹೊದ್ದ ಅಜ್ಜಿ. ಹಬ್ಬಹರಿದಿನಗಳಲ್ಲಿ ಆ ಚಿತ್ರಗಳಿಗೆ ಹೂವು ಏರಿಸುತ್ತೇವೆ, ಮಕ್ಕಳಿಗೆ ತೋರಿಸಿ ಹೆಸರು ಹೇಳಿಕೊಡುತ್ತೇವೆ. ಆದರೆ ಆ ಮುಖವನ್ನು ನಮಗಾಗಿ ಹಿಡಿದಿಟ್ಟ ಗಾಜಿನ ತುಣುಕಿನ ವಿಷಯವಾಗಿ ನಾವು ಯೋಚಿಸುವುದು ವಿರಳ. ಛಾಯಾಗ್ರಾಹಕರು ಮಾತ್ರ ತಮ್ಮ ಮಸೂರವನ್ನು ಬಡಗಿ ತನ್ನ ಉಳಿಯನ್ನು ಪ್ರೀತಿಸುವಂತೆ ಪ್ರೀತಿಸುತ್ತಾರೆ. ಕ್ಯಾಮೆರಾ ಬದಲಾದರೂ ಮೆಚ್ಚಿನ ಮಸೂರವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸು ಬಾರದು. ಈ ಮಮತೆಗೆ ಕಾರಣವೇನೆಂಬುದು ನನಗೆ ತಿಳಿದದ್ದು ದುಃಖದ ಒಂದು ಸಂದರ್ಭದಲ್ಲಿ.

1996ರಲ್ಲಿ ನನ್ನ ತಾಯಿ ಗಬ್ಬೂರಿನ ನಮ್ಮ ಮನೆಯಲ್ಲಿ ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಇಡಲು ಭಾವಚಿತ್ರ ಬೇಕಾಯಿತು. ಮನೆಯನ್ನೆಲ್ಲ ಹುಡುಕಿದರೂ ಆಕೆಯ ಚಿತ್ರ ದೊರೆತದ್ದು ಒಂದೇ: 1988ರಲ್ಲಿ ಜರುಗಿದ ನನ್ನ ತಂಗಿಯ ಮದುವೆಯ ಗುಂಪುಚಿತ್ರ. ಇಕ್ಕಟ್ಟಾದ ಅಂಗಳದಲ್ಲಿ ನಲವತ್ತು ಜನ ಸಾಲಾಗಿ ನಿಂತಿದ್ದರು. ಮದುಮಕ್ಕಳು ನಡುವೆ, ಬೀಗರು ಅವರ ಎಡಬಲಕ್ಕೆ. ಬಂದವರಿಗೆಲ್ಲ ಜಾಗ ಮಾಡಿಕೊಟ್ಟು ನನ್ನ ತಾಯಿ ಎಂದಿನಂತೆ ಸಾಲಿನ ತುದಿಯಲ್ಲಿ ನಿಂತಿದ್ದಳು. ಆ ನೆಗೆಟಿವ್‌ನಿಂದ ಮುಖವೊಂದನ್ನೇ ದೊಡ್ಡದು ಮಾಡಿಸಿ ತಂದಾಗ ಮನೆಯವರು ಬೆರಗಾದರು. ಮುಖ ಅಡ್ಡಲಾಗಿ ಹಿಗ್ಗಿತ್ತು, ಕೆನ್ನೆ ಹರಡಿತ್ತು. ಸೋದರತ್ತೆ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿ, “ಇಕಿ ನಮ್ಮ ವೈನಿ ಅಲ್ಲಪಾ” ಎಂದು ಕಣ್ಣೊರೆಸಿಕೊಂಡರು.

ಮರುದಿನವೇ ನಾನು ಬಸ್ಸು ಹತ್ತಿ ರಾಯಚೂರಿಗೆ ಹೋದೆ. ತೀನ್ ಕಂದೀಲಿನ ಸಮೀಪದ ಗಲ್ಲಿಯೊಂದರಲ್ಲಿ ಹಳೆಯ ಸ್ಟುಡಿಯೋ ಇಟ್ಟುಕೊಂಡಿದ್ದ ವೃದ್ಧರೊಬ್ಬರ ಬಳಿಗೆ ಯಾರೋ ಕಳುಹಿಸಿದರು. ಅವರು ಚಿತ್ರವನ್ನೂ ನೆಗೆಟಿವನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ತಮ್ಮಾ, ತಪ್ಪು ಯಾರದೂ ಅಲ್ಲ. ಅಂಗಳ ಸಣ್ಣದು, ಮಂದಿ ಬಾಳ. ಅಗಲ ಲೆನ್ಸ್ ಹಾಕ್ಯಾರ. ನಿಮ್ಮವ್ವ ಅಂಚಿಗೆ ನಿಂತಾಳ, ಲೆನ್ಸ್ ಆಕಿ ಮುಖಾನ ಎಳದದ” ಎಂದರು.

“ಸರಿ ಮಾಡಲಿಕ್ಕೆ ಬರ್ತದೇನ್ರಿ ಕಾಕಾ?” ಎಂದು ಕೇಳಿದೆ.

“ನಾಳೆ ಬಾ” ಎಂದಷ್ಟೇ ಹೇಳಿದರು.

ಅವರು ಮಾಡಿದ್ದೇನೆಂಬುದನ್ನು ತಿಳಿಯಬೇಕಾದರೆ ಮಸೂರದ ಗುಣವನ್ನು ಸ್ವಲ್ಪ ಅರಿಯಬೇಕು. ದೂರದ ವಸ್ತುವಿನ ಬಿಂಬ ಸ್ಪಷ್ಟವಾಗಿ ಮೂಡುವ ಸ್ಥಳಕ್ಕೂ ಮಸೂರಕ್ಕೂ ಇರುವ ಅಂತರವೇ ಸಂಗಮದೂರ. ಛಾಯಾಗ್ರಾಹಕರು ಮಸೂರವನ್ನು ಕರೆಯುವುದು ಈ ಅಂಕಿಯಿಂದಲೇ. ಸಾಮಾನ್ಯ ಫಿಲ್ಮಿನ ಚೌಕಟ್ಟು 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲ; ಅದರ ಕರ್ಣ ಸುಮಾರು 43 ಮಿ.ಮೀ. ಇದಕ್ಕೆ ಸಮೀಪವಾದ 50 ಮಿ.ಮೀ. ಮಸೂರವನ್ನು ಸಹಜ ಮಸೂರವೆನ್ನುತ್ತಾರೆ. ಅಂಕಿ ಇಳಿದಂತೆ ನೋಟ ಅಗಲವಾಗುತ್ತದೆ, ಏರಿದಂತೆ ಕಿರಿದಾಗಿ ದೂರದ್ದು ಹತ್ತಿರವಾಗುತ್ತದೆ. ನಮ್ಮ ಮದುವೆಯ ಚಿತ್ರ ತೆಗೆದದ್ದು 28 ಮಿ.ಮೀ. ಮಸೂರದಿಂದ. ಇಂತಹ ಅಗಲ ಮಸೂರ ಗೋಡೆಯನ್ನು, ಕಂಬವನ್ನು ನೆಟ್ಟಗೆ ತೋರಿಸಬಲ್ಲದು. ಆದರೆ ಚೌಕಟ್ಟಿನ ಅಂಚಿನಲ್ಲಿರುವ ದುಂಡಾದ ವಸ್ತುವನ್ನು ಹೊರಕ್ಕೆ ಎಳೆಯುತ್ತದೆ. ಮುಖ ಇದ್ದುದಕ್ಕಿಂತ ಸುಮಾರು ಐದನೆಯ ಒಂದು ಪಾಲು ಹೆಚ್ಚು ಅಗಲವಾಗಿ ಕಾಣುತ್ತದೆ. ಗೆರೆಗೆ ನ್ಯಾಯ ಸಲ್ಲಿಸುವ ಮಸೂರ ಮುಖಕ್ಕೆ ಅನ್ಯಾಯ ಮಾಡುವ ಪರಿ ಇದು.

ಮರುದಿನ ಹೋದಾಗ ಆ ವೃದ್ಧರು ನನ್ನನ್ನು ಕತ್ತಲೆಕೋಣೆಗೆ ಕರೆದೊಯ್ದು ಕೆಂಪು ದೀಪದ ಬೆಳಕಿನಲ್ಲಿ ತೋರಿಸಿದರು. ಚಿತ್ರ ಹಿಗ್ಗಿಸುವ ಯಂತ್ರದ ಕೆಳಗೆ ಕಾಗದವನ್ನು ಸಮತಟ್ಟಾಗಿ ಇಡದೆ, ಒಂದು ಬದಿಗೆ ಮರದ ತುಂಡು ಕೊಟ್ಟು ಇಳಿಜಾರಾಗಿ ಇಟ್ಟಿದ್ದರು. ಇಳಿಜಾರಿನ ಮೇಲೆ ಬಿದ್ದ ಬಿಂಬ ಉದ್ದಕ್ಕೆ ಬೆಳೆಯುತ್ತದೆ. ಅಡ್ಡಗಲಕ್ಕೆ ಹಿಗ್ಗಿದ್ದ ಮುಖ ಉದ್ದಕ್ಕೂ ಅಷ್ಟೇ ಬೆಳೆದಾಗ ತನ್ನ ಸಹಜ ಪ್ರಮಾಣಕ್ಕೆ ಮರಳುತ್ತದೆ. ಇಳಿಜಾರಿನಲ್ಲಿಯೂ ಬಿಂಬ ಮಸುಕಾಗದಿರಲೆಂದು ಯಂತ್ರದ ಮಸೂರದ ಕಂಡಿಯನ್ನು ಬಹಳ ಕಿರಿದುಗೊಳಿಸಿ, ಹೆಚ್ಚು ಹೊತ್ತು ಬೆಳಕು ಬಿಟ್ಟಿದ್ದರು. ತೊಟ್ಟಿಯ ದ್ರಾವಣದಲ್ಲಿ ಕಾಗದ ಅಲುಗಾಡುತ್ತ ನಿಧಾನವಾಗಿ ಮುಖ ಮೂಡಿತು. ಅದು ನನ್ನ ತಾಯಿಯ ಮುಖವಾಗಿತ್ತು.

ಕಾಗದ ಒಣಗುವವರೆಗೆ ಕುಳಿತಿದ್ದಾಗ ನಾನು ಅವರನ್ನು ಕೇಳಿದೆ: ಇಷ್ಟು ವರ್ಷಗಳ ವೃತ್ತಿಯಲ್ಲಿ ತಮಗೆ ಅತ್ಯಂತ ಪ್ರಿಯವಾದ ಮಸೂರ ಯಾವುದು? ಅವರು ಕಪಾಟಿನಿಂದ ಯಾಶಿಕಾ ಕಂಪನಿಯ ಜೋಡಿ ಮಸೂರದ ಹಳೆಯ ಕ್ಯಾಮೆರಾ ತೆಗೆದು ಮುಂದಿಟ್ಟರು. ಒಂದು ಕಾಲಕ್ಕೆ ಕರ್ನಾಟಕದ ಊರೂರಿನ ಸ್ಟುಡಿಯೋಗಳಲ್ಲಿ ಇದೇ ಬಗೆಯ ಕ್ಯಾಮೆರಾ ಮುಕ್ಕಾಲಿಯ ಮೇಲೆ ನಿಂತಿರುತ್ತಿತ್ತು. ಮೇಲಿನ ಮಸೂರ ನೋಡಲು, ಕೆಳಗಿನ 80 ಮಿ.ಮೀ. ಮಸೂರ ಚಿತ್ರ ಹಿಡಿಯಲು. ಆರು ಸೆಂಟಿಮೀಟರಿನ ಚೌಕಫಿಲ್ಮಿಗೆ ಅದೇ ಸಹಜ ಮಸೂರ. ಬಿಚ್ಚಿ ಬೇರೆಯದನ್ನು ಹಾಕಲು ಬಾರದು.

“ಇದು ಬದಲಾಗಂಗಿಲ್ಲ. ಅದಕ್ಕ ನಾನ ಬದಲಾಗಬೇಕು. ಹಿಂದಕ್ಕ ಸರೀಬೇಕು, ಮುಂದಕ್ಕ ಬರಬೇಕು. ಮತ್ತ ಇದರಾಗ ನೋಡಬೇಕಂದ್ರ ತಲಿ ಬಗ್ಗಿಸಬೇಕು. ಎದುರಿಗೆ ಕುಂತವರನ್ನ ದುರುಗುಟ್ಟಿ ನೋಡಿದಂಗ ಆಗಂಗಿಲ್ಲ. ನಮ್ಮ ಹೆಣ್ಣುಮಕ್ಕಳು ಅಂಜದ ಕೂಡತಿದ್ರು” ಎಂದು ಆ ಹಿರಿಯರು ನುಡಿದರು.

ಮಸೂರದ ಮೇಲಿನ ಪ್ರೀತಿಗೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಆಮೇಲೂ ಕೇಳಿಲ್ಲ. ಅಂದಿನಿಂದ ಛಾಯಾಗ್ರಾಹಕರ ಮೆಚ್ಚುಗೆಗಳನ್ನು ಗಮನಿಸುವ ಅಭ್ಯಾಸ ನನಗಾಯಿತು. ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡುವೆನು.

ಮುಖಚಿತ್ರ ತೆಗೆಯುವವರ ಒಲವು ಸಾಮಾನ್ಯವಾಗಿ 85 ಅಥವಾ 105 ಮಿ.ಮೀ. ಮಸೂರದ ಕಡೆಗೆ. ಇದಕ್ಕೆ ಪರಂಪರೆಯೂ ಇದೆ. 1839ರಲ್ಲಿ ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾದಾಗ ಮಸೂರಗಳು ಎಷ್ಟು ಮಂದವಾಗಿದ್ದವೆಂದರೆ, ಎದುರಿಗೆ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾಗುತ್ತಿತ್ತು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಮಸೂರ ಹಿಂದಿನವುಗಳಿಗಿಂತ ಹಲವು ಪಟ್ಟು ಬೆಳಕನ್ನು ಒಳಬಿಟ್ಟಿತು. ಮನುಷ್ಯರ ಮುಖವನ್ನು ಸಹಜವಾಗಿ ಹಿಡಿಯುವುದು ಸಾಧ್ಯವಾದದ್ದು ಆ ಮೇಲೆ. ಅದರ ಚಿತ್ರಗಳಲ್ಲಿ ನಡುಭಾಗ ನಿಚ್ಚಳ, ಅಂಚು ಮೃದು. ಶಾಸ್ತ್ರಪ್ರಕಾರ ಇದು ದೋಷವೇ ಸರಿ. ಆದರೆ ಆ ದೋಷಕ್ಕಾಗಿಯೇ ಇಂದಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಕಾಡಿನ ಛಾಯಾಗ್ರಾಹಕರ ಪ್ರೀತಿ ಉದ್ದ ಮಸೂರದ ಮೇಲೆ. 400 ಮಿ.ಮೀ. ಮಸೂರ ಸಹಜ ಮಸೂರಕ್ಕಿಂತ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ನಮ್ಮ ನಾಡಿನಲ್ಲಿ ಈ ಕಲೆಯನ್ನು ಬೆಳೆಸಿದವರು ಹಲವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ವನ್ಯಜೀವಿ ಚಿತ್ರಗಳು ಹೊರದೇಶಗಳಲ್ಲಿಯೂ ಮನ್ನಣೆ ಪಡೆದವು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. 1986ರಲ್ಲಿ ನಮ್ಮ ರಾಯಚೂರು ಕ್ಷೇತ್ರದಿಂದಲೇ ಲೋಕಸಭೆಗೆ ಆಯ್ಕೆಯಾಗಿದ್ದವರು. ರಾಜಕಾರಣದ ನಡುವೆಯೂ ಕಾಡಿಗೆ ಹೋಗಿ ಕಪ್ಪುಬಿಳುಪಿನಲ್ಲಿ ಆನೆ, ಹುಲಿಗಳ ಚಿತ್ರ ತೆಗೆಯುವುದನ್ನು ಅವರು ಬಿಡಲಿಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಲೇಖನಿಯಷ್ಟೇ ಆಸ್ಥೆಯಿಂದ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು. ಉದ್ದ ಮಸೂರ ಭಾರ, ಅದರ ನೋಟ ಕಿರಿದು, ಕೈ ಒಂದಿಷ್ಟು ನಡುಗಿದರೂ ಚಿತ್ರ ಹಾಳು. ಆದರೂ ಅದನ್ನು ಮೆಚ್ಚುವುದೇಕೆ? ಹಕ್ಕಿ ತನ್ನ ಪಾಡಿಗೆ ತಾನು ಗುಟುಕು ಕೊಡುತ್ತಿರುವಾಗ, ಅದರ ಗೂಡಿಗೆ ಭಯ ತಾರದೆ ದೂರದಿಂದ ನೋಡಲು ಬರುತ್ತದೆ ಎಂಬುದಕ್ಕೆ. ದೂರ ನಿಲ್ಲುವುದೂ ಒಂದು ಬಗೆಯ ದಯೆಯೇ.

ಚಲನಚಿತ್ರದಲ್ಲಿ ಮಸೂರದ ಮಹಿಮೆಯನ್ನು ತೋರಿದವರು ಮೈಸೂರಿನ ವಿ.ಕೆ. ಮೂರ್ತಿ. 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರವನ್ನು ಅವರು ಸಿನೆಮಾಸ್ಕೋಪ್‌ನಲ್ಲಿ ಚಿತ್ರಿಸಿದರು. ಭಾರತದಲ್ಲಿ ಅದೇ ಮೊದಲನೆಯದು. ಆ ಮಸೂರದ ಸೋಜಿಗವೆಂದರೆ, ಅದು ಅಗಲವಾದ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಮೂಡಿಸುತ್ತದೆ. ಚಿತ್ರಮಂದಿರದ ಯಂತ್ರದಲ್ಲಿರುವ ಮಸೂರ ಅದನ್ನು ಮತ್ತೆ ಬಿಡಿಸಿ ತೆರೆಯ ತುಂಬ ಹರಡುತ್ತದೆ. ಒಂದು ಮಸೂರ ಸೊಟ್ಟ ಮಾಡಿದ್ದನ್ನು ಇನ್ನೊಂದು ನೆಟ್ಟಗೆ ಮಾಡುತ್ತದೆ. ರಾಯಚೂರಿನ ವೃದ್ಧರು ಮರದ ತುಂಡಿನಿಂದ ಮಾಡಿದ್ದೂ ಇದೇ ಜಾತಿಯ ಕೆಲಸವಲ್ಲವೇ! ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು.

ಇನ್ನು ಗುಡಿಗೋಪುರಗಳ ಚಿತ್ರ ತೆಗೆಯುವವರ ಮಾತು. ನಮ್ಮ ಗಬ್ಬೂರು ಹಿಂದೆ ಗೋಪುರಗ್ರಾಮವೆಂದು ಹೆಸರಾಗಿದ್ದ ವಿದ್ಯಾಕೇಂದ್ರ. ಹಳೆಯ ಗುಡಿಗಳೂ ಶಾಸನಗಳೂ ಇಲ್ಲಿವೆ. ಗುಡಿಯ ಎದುರು ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಇದನ್ನು ತಪ್ಪಿಸಲು, ಕ್ಯಾಮೆರಾವನ್ನು ನೆಟ್ಟಗೆ ಇಟ್ಟು ಮಸೂರವನ್ನಷ್ಟೇ ಮೇಲಕ್ಕೆ ಸರಿಸುವ ಬಗೆಯ ಮಸೂರಗಳಿವೆ. ಶಿಲ್ಪ, ವಾಸ್ತು ಚಿತ್ರಿಸುವವರಿಗೆ ಅವು ಪ್ರಾಣಸಮಾನ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಸ್ಮಾರಕಗಳನ್ನು ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಇಂದು ಬಿದ್ದುಹೋಗಿರುವ ಎಷ್ಟೋ ಭಾಗಗಳನ್ನು ನಾವು ಆ ಚಿತ್ರಗಳಲ್ಲಿ ಕಾಣಬಹುದಾಗಿದೆ.

ಶಾಸನದ ಅಕ್ಷರ ಓದುವವರು ಮೆಚ್ಚುವುದು ಸಮೀಪದ ವಸ್ತುವಿಗೆಂದೇ ಮಾಡಿದ ಮ್ಯಾಕ್ರೋ ಮಸೂರವನ್ನು. ಇದರ ಹಿಂದೆ ಸ್ವಾರಸ್ಯವಾದ ಸಂಗತಿಯೊಂದಿದೆ. ಜಪಾನಿನಲ್ಲಿ ಗ್ರಂಥಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವಾಗ, ಅನೇಕ ಗೆರೆಗಳಿಂದ ಕೂಡಿದ ಅಲ್ಲಿನ ಅಕ್ಷರಗಳು ಸಾಮಾನ್ಯ ಮಸೂರದಲ್ಲಿ ಕಲಸಿಹೋಗುತ್ತಿದ್ದವು. ಆ ಅಕ್ಷರಗಳನ್ನು ಉಳಿಸಲೆಂದೇ ನಿಕಾನ್ ಕಂಪನಿಯವರು 1956ರಲ್ಲಿ ವಿಶೇಷ ಮಸೂರವನ್ನು ಹೊರತಂದರು. ಲಿಪಿಯ ಮೇಲಿನ ಅಭಿಮಾನದಿಂದ ಹುಟ್ಟಿದ ಮಸೂರವದು! ನಮ್ಮ ಕಲ್ಲಿನ ಶಾಸನವನ್ನು ಹಿಡಿಯುವವರು ಇನ್ನೂ ಒಂದು ಯುಕ್ತಿ ಬಲ್ಲರು. ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಹೋಗುವಂತೆ ಬಿಟ್ಟರೆ, ಸವೆದ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಓದಲು ಬರುತ್ತದೆ. ಬೆಳಗಿನ ಎಳೆಬಿಸಿಲು ಈ ಕೆಲಸವನ್ನು ಖರ್ಚಿಲ್ಲದೆ ಮಾಡಿಕೊಡುತ್ತದೆ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ. ಅದರಲ್ಲಿ ಕಡಲೆಕಾಳಿನಷ್ಟು ಮಸೂರಗಳಿವೆ. ಮುಖ್ಯವಾದುದು ಹಳೆಯ ಲೆಕ್ಕದಲ್ಲಿ ಸುಮಾರು 24ರಿಂದ 28 ಮಿ.ಮೀ. ಮಸೂರಕ್ಕೆ ಸಮ, ಅಂದರೆ ಅಗಲ ಮಸೂರ. ನನ್ನ ತಾಯಿಯ ಮುಖವನ್ನು ಎಳೆದ ಮಸೂರವೇ ಇಂದು ಮನೆಮನೆಯಲ್ಲಿದೆ ಎಂದಂತಾಯಿತು. ಆದುದರಿಂದ ಗೃಹಸ್ಥರಿಗೆ ಉಪಯುಕ್ತವಾಗುವ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದು.

ಒಂದು: ಮುಖದ ಚಿತ್ರವನ್ನು ತೀರ ಹತ್ತಿರದಿಂದ ತೆಗೆಯಬಾರದು. ಒಂದಡಿ ದೂರದಿಂದ ತೆಗೆದರೆ ಮೂಗು ಹತ್ತಿರ, ಕಿವಿ ದೂರ. ಮೂಗು ಕಿವಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಐದು ಅಡಿ ಹಿಂದೆ ಸರಿದರೆ ಆ ವ್ಯತ್ಯಾಸ ನೂರಕ್ಕೆ ಎಂಟರಷ್ಟಕ್ಕೆ ಇಳಿಯುತ್ತದೆ. ಹಿಂದೆ ಸರಿದು ಎರಡು ಪಟ್ಟಿನ ಗುರುತು ಒತ್ತಿ ತೆಗೆದರೆ ಮುಖ ಮುಖದಂತೆ ಬರುತ್ತದೆ. ಎರಡು: ಹಿರಿಯರನ್ನು ಕಿಟಕಿಯ ಪಕ್ಕದಲ್ಲಿ ಕುಳ್ಳಿರಿಸಿದರೆ ಬೇರೆ ದೀಪ ಬೇಡ. ಮೂರು: ಹಳೆಯ ನೆಗೆಟಿವ್‌ಗಳನ್ನು ಎಸೆಯಬಾರದು; ಒಣಗಿದ ಸ್ಥಳದಲ್ಲಿ ಕಾಗದದ ಲಕೋಟೆಯಲ್ಲಿಟ್ಟು ಹೆಸರು, ವರ್ಷ ಬರೆದಿಡಬೇಕು. ಅಂದು ನೆಗೆಟಿವ್ ಇರದಿದ್ದರೆ ರಾಯಚೂರಿನ ವೃದ್ಧರ ಕೌಶಲವೂ ನಿಷ್ಫಲವಾಗುತ್ತಿತ್ತು.

ನಾಲ್ಕನೆಯದು ಮಸೂರಕ್ಕಿಂತ ಹೆಚ್ಚಾಗಿ ನಮಗೆ ಸಂಬಂಧಿಸಿದ್ದು. ಆ ವೃದ್ಧರು ಒಣಗಿದ ಚಿತ್ರವನ್ನು ನನ್ನ ಕೈಗಿಡುತ್ತ, ಹಣಕ್ಕಾಗಿ ಜೇಬಿಗೆ ಕೈ ಹಾಕಿದ ನನ್ನನ್ನು ತಡೆದು ಕೇಳಿದ್ದರು: “ಎಂಟು ವರ್ಷದ ಹಿಂದಿನ ಫೋಟೋ ಇದು. ಅಲ್ಲಿಂದ ಇಲ್ಲೀ ತನಕ ನಿಮ್ಮವ್ವನ ಒಂದ ಫೋಟೋ ತೆಗಸಲಿಲ್ಲೇನು ತಮ್ಮಾ?” ನನ್ನಲ್ಲಿ ಉತ್ತರವಿರಲಿಲ್ಲ. ಆ ಎಂಟು ವರ್ಷಗಳಲ್ಲಿ ಜಾತ್ರೆ, ಗೃಹಪ್ರವೇಶ, ಮಕ್ಕಳ ನಾಮಕರಣ ಎಲ್ಲವೂ ನಡೆದಿದ್ದವು. ಪ್ರತಿಯೊಂದರಲ್ಲಿಯೂ ಚಿತ್ರ ತೆಗೆಸಿದ್ದೆವು. ಆಕೆ ಅಡುಗೆಮನೆಯಲ್ಲಿದ್ದಳು.

ಪ್ರಿಯ ವಾಚಕರೇ, ತಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ ಗುಂಪುಚಿತ್ರಕ್ಕೆ ನಿಲ್ಲುವಾಗ ಒಂದು ಕ್ಷಣ ತಡೆದು ನೋಡಿರಿ. ಸಾಲಿನ ತುದಿಯಲ್ಲಿ ಯಾರು ನಿಂತಿದ್ದಾರೆ? ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೊನೆಗೆ ಬಂದವರು ಯಾರು? ಅವರನ್ನು ಕೈಹಿಡಿದು ಕರೆತಂದು ನಡುವೆ ಕುಳ್ಳಿರಿಸಿರಿ. ಯಾವ ಮಸೂರವಾದರೂ ನಡುವೆ ಇದ್ದವರ ಮುಖವನ್ನು ಕೆಡಿಸುವುದಿಲ್ಲ.